ಅಮಾವಾಸ್ಯೆಯ ದಿನ ಬಿರುಕು ಬಿಟ್ಟ ಗೋಡೆ

ಮಳವಳ್ಳಿ ಕಡೆಯ ಆ ಊರಿನ ಪಕ್ಕದಲ್ಲೇ ಕಲ್ಲುಗಣಿ. ಮಧ್ಯಾಹ್ನ ಬಂಡೆ ಸಿಡಿದಾಗಲೆಲ್ಲ ಮನೆಮನೆಯ ಪಾತ್ರೆಗಳು ಗಡಗಡ ಅನ್ನುತ್ತವೆ. ಉಣ್ಣುತ್ತಿದ್ದವರು ತಲೆಯೆತ್ತುವುದಿಲ್ಲ, ಅಷ್ಟು ಒಗ್ಗಿಹೋಗಿದೆ.

ಪಟ್ಟಲಮ್ಮನಿಗೂ ಒಗ್ಗಿತ್ತು. ಆವತ್ತು ಉಂಡು ಮಲಗಿದ್ದ ಗಂಡ ಅಂಕಯ್ಯ, ನೆಲ ಅಲುಗಿದ್ದಕ್ಕೆ ಎದ್ದು ಕೂತ. ಮಣ್ಣಿನ ಗೋಡೆ ಬಿರುಕು ಬಿಟ್ಟಿದ್ದನ್ನು ತೋರಿಸಿದ. "ಬಂಡೆ ಸಿಡಿಸ್ತಾವ್ರೆ, ಸುಮ್ಕೆ ಮನೀಕಳಿ" ಎಂದು ಆಕೆ ಹಿತ್ತಲಿಗೆ ಹೋದಳು. ಅಂದು ಅಮಾವಾಸ್ಯೆ, ಗಣಿಯವರು ಬಂಡೆ ಮುಟ್ಟುವುದಿಲ್ಲ ಎಂಬುದು ಹೊಳೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ನೆಲ ಮತ್ತೆ ನಡುಗಿತು. ಗೋಡೆ ಅಂಕಯ್ಯನ ಮೇಲೆಯೇ ಬಿತ್ತು.

ತಿಥಿ ಕಳೆಯಿತು. ತಾನು ಆಡಿದ ಮಾತನ್ನು ಪಟ್ಟಲಮ್ಮ ಯಾರಿಗೂ ಹೇಳಲಿಲ್ಲ.

ಮಗ ಸಿದ್ದರಾಜು ಉಳಿದ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿ, ಎಲ್ಲರನ್ನೂ ಮತ್ತೆ ಒಳಗಿರಿಸಲು ಹೊರಟ. ಸಿಮೆಂಟು ಮೆತ್ತಿದರೆ ಬಿರುಕು ಕಾಣುವುದಿಲ್ಲ ಅಷ್ಟೇ, ಹೋಗುವುದಿಲ್ಲ. ಪಕ್ಕದ ಮನೆಯ ಸೌಮ್ಯ, ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಆವತ್ತು ಆದದ್ದು ಭೂಕಂಪ, ಮತ್ತೆ ನಡುಗಿದರೆ ಈ ಗೋಡೆಯೂ ಬೀಳುತ್ತದೆ, ಬೇಡವೆಂದು ತಡೆದಳು.

"ಭೂಕಂಪ ನಮ್ಮೂರ್ಗೆಲ್ಲಿ ಬತ್ತದವ್ವ? ಅದೇನಿದ್ರೂ ಗುಜರಾತ್ ಕಡೀಕೆ" ಎಂದ ಸಿದ್ದರಾಜು.

"ಎಲ್ಲಾ ಕಡೀಕೂ ಬತ್ತದೆ ಕಣಣ್ಣ. ಕೆಲವು ಕಡೆ ಹೆಚ್ಚು, ನಮ್ ಕಡೆ ಕಮ್ಮಿ."

ಸೌಮ್ಯ ನಿಧಾನವಾಗಿ ಬಿಡಿಸಿ ಹೇಳಿದಳು. ಭೂಮಿಯ ಮೇಲ್ಪದರ ಭಾರಿ ಚಪ್ಪಡಿಗಳಾಗಿ ಒಡೆದಿದೆ. ಅವು ಒಂದನ್ನೊಂದು ಒತ್ತುತ್ತಲೇ ಇರುತ್ತವೆ. ಆ ಒತ್ತಡ ನಮ್ಮ ಕಾಲಡಿಯ ಹಳೆಯ ಬಿರುಕುಗಳಿಗೂ ತಟ್ಟುತ್ತದೆ. ಬಹುಕಾಲ ತಡೆದುಕೊಂಡ ಬಂಡೆ ಒಂದು ದಿನ ಸರಕ್ಕನೆ ಜಾರಿದರೆ ನೆಲ ನಡುಗುತ್ತದೆ. ದೂರದೂರದ ಭೂಕಂಪಮಾಪಕ ಯಂತ್ರಗಳು ಆ ನಡುಕವನ್ನು ಗೆರೆಯಾಗಿ ಬರೆದುಕೊಳ್ಳುತ್ತವೆ. ಹಲವು ಕಡೆಯ ಗೆರೆಗಳನ್ನು ಹೋಲಿಸಿ, ಎಲ್ಲಿ ಜಾರಿತು, ಎಷ್ಟು ದೊಡ್ಡದು ಎಂದು ತಿಳಿಯುತ್ತಾರೆ. ಅಳತೆಯ ಅಂಕಿ ಒಂದು ಏರಿದರೆ ಹೊಮ್ಮುವ ಶಕ್ತಿ ಸುಮಾರು ಮೂವತ್ತೆರಡು ಪಟ್ಟಾಗುತ್ತದೆ.

ನಮ್ಮದು ಎಷ್ಟು ದೊಡ್ಡದಂತೆ ಎಂದು ಸಿದ್ದರಾಜು ಕೇಳಿದ.

"ಸಣ್ಣದೇ ಕಣಣ್ಣ. ಗಟ್ಟಿ ಮನೆಗುಳ್ಗೆ ಏನೂ ಆಗ್ನಿಲ್ಲ. ಮಳೇಲಿ ನೆಂದು ಸಡ್ಲಾಗಿದ್ದ ಗೋಡೆಗೆ ಅಷ್ಟೇ ಸಾಕಾಯ್ತು."

ಮೂಲೆಯಲ್ಲಿ ಕೂತಿದ್ದ ಪಟ್ಟಲಮ್ಮ ಆಗ ಬಾಯಿಬಿಟ್ಟಳು. "ಬಿರುಕು ತೋರುಸ್ದಾಗ ಸುಮ್ಕೆ ಮನೀಕಳಿ ಅಂದ್ಬುಟ್ಟೆ ಕಣವ್ವ. ಆಗ್ಲೇ ಆಚ್ಗೆ ಕರ್ಕೊಬಂದಿದ್ರೆ ಉಳೀತಿದ್ರಾ?"

ಸುಳ್ಳು ಹೇಳಲಾರದೆ ಸೌಮ್ಯ ಆಕೆಯ ಕೈ ಹಿಡಿದುಕೊಂಡಳು. ಸಿದ್ದರಾಜು ಕಲೆಸಿದ ಸಿಮೆಂಟನ್ನು ಅಲ್ಲೇ ಬಿಟ್ಟು, ಒಳಗಿನ ಹಾಸಿಗೆ ಬಟ್ಟೆಯನ್ನೆಲ್ಲ ಹೊರಗೆ ತಂದ. ಹೊಸ ಗೋಡೆ ಏಳುವವರೆಗೆ ಸೌಮ್ಯಳ ಮನೆಯಲ್ಲೇ ಇರುವುದೆಂದಾಯಿತು.

ಈ ಕಥೆ ಕೇಳಿದ ಅಕ್ಕ, ಅಣ್ಣ, ನೆಲ ಅಲುಗುವಾಗ ಬಾಗಿಲು ಪಕ್ಕದಲ್ಲೇ ಇದ್ದರೆ ಬಯಲಿಗೆ ಬನ್ನಿ. ಇಲ್ಲದಿದ್ದರೆ ಗಟ್ಟಿ ಮೇಜಿನ ಕೆಳಗೆ ಸೇರಿ ತಲೆ ಕಾಪಾಡಿಕೊಳ್ಳಿ. ನಡುಕ ನಿಂತ ಮೇಲೆ ಗೋಡೆ ನೋಡಿ. ಬಿರುಕು ಕಂಡರೆ ಎಲ್ಲರನ್ನೂ ಹೊರಗೆ ಕರೆತನ್ನಿ, ತಿಳಿದವರು ಪರೀಕ್ಷಿಸುವವರೆಗೆ ಒಳಗೆ ಬಿಡಬೇಡಿ. ಮಲಗಿದವರನ್ನು ಎಬ್ಬಿಸಿದ್ದಕ್ಕೆ ಬೈದರೆ ಬೈಸಿಕೊಳ್ಳಿ. ಬೈಯುವುದಕ್ಕಾದರೂ ಅವರು ಇರಲಿ.