ಹಿಂದಿನ ಸಾಲಿನಲ್ಲಿ ಬೀಗರು

ನಮ್ಮ ಯಜಮಾನರ ಸ್ಟುಡಿಯೋದಿಂದ ಕಣ್ಣು ಮುಚ್ಚಿದ ಫೋಟೋ ಒಂದೂ ಹೊರಗೆ ಹೋಗಿಲ್ಲ. ರೆಪ್ಪೆ ಬಡಿದವರಿಗೆ ಇನ್ನೊಂದು ಫೋಟೋದಿಂದ ಕಣ್ಣು ತಂದು ಕೂರಿಸುತ್ತಾರೆ. ಸೊಟ್ಟ ಕಾಲರ್ ನೆಟ್ಟಗಾಗುತ್ತದೆ, ಮುನಿಸಿಕೊಂಡು ನಿಂತ ನಾದಿನಿಯ ತುಟಿ ತುಸು ಮೇಲಕ್ಕೇಳುತ್ತದೆ. ಕೆಲಸ ಮುಗಿದ ಮೇಲೆ ಮೊದಲು ತೆಗೆದದ್ದನ್ನು ಅಳಿಸಿಬಿಡುತ್ತಾರೆ. ಕೆಟ್ಟದ್ದನ್ನು ಇಟ್ಟುಕೊಂಡರೆ ಯಾವತ್ತಾದರೂ ಯಾರ ಕಣ್ಣಿಗಾದರೂ ಬಿದ್ದು ಅವರಿಗೆ ಬೇಜಾರಾಗುತ್ತದಂತೆ. ನಾನು ಕೌಂಟರಿನಲ್ಲಿ ಕೂತು ರಸೀದಿ ಹರಿಯುವವಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವರಿಗೆ ಕೋಪ ಯಾವ ಅಂಗಡಿಯಲ್ಲಿ ಸಿಗುತ್ತದೆ ಅನ್ನುವುದೂ ಗೊತ್ತಿಲ್ಲ.

ತೀರಿಹೋದವರನ್ನು ಫೋಟೋಕ್ಕೆ ಕರೆತರುವುದು ಅವರಿಗೆ ಅಂಟಿದ ಇನ್ನೊಂದು ಹುಚ್ಚು. ಮೊಮ್ಮಗಳ ಮದುವೆ ಫೋಟೋದಲ್ಲಿ ಅಜ್ಜಿ, ಹೊಸ ಮನೆಯ ಬಾಗಿಲಲ್ಲಿ ತೀರಿಕೊಂಡ ಅಣ್ಣ. ನಮ್ಮ ಬೀದಿಯ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಒಬ್ಬರಾದರೂ ಹಾಗೆ ಬಂದು ನಿಂತವರಿರುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಅದನ್ನು ಸುಳ್ಳು ಅಂದುಕೊಂಡಿಲ್ಲ.

ಅಳಿಯ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದೂ ಅಂಥದೇ ಕೆಲಸಕ್ಕೆ. ಅವರು ಹೊರದೇಶದಲ್ಲಿ ಲಿಫ್ಟ್ ರಿಪೇರಿಯ ಕೆಲಸದಲ್ಲಿದ್ದರು, ಅಲ್ಲಿಯ ಪೌರತ್ವವೂ ಸಿಕ್ಕಿತ್ತು. ತಂದೆಗೆ ಹುಷಾರಿಲ್ಲವೆಂದು ಓಡಿಬಂದವರು ಮಣ್ಣು ಮಾಡಿ ಮುಗಿಸಿ ನಮ್ಮ ಅಂಗಡಿಗೆ ಬಂದರು. ಕೈಯಲ್ಲಿ ತಂದೆಯ ಗುರುತಿನ ಚೀಟಿ. ಅದು ಬಿಟ್ಟರೆ ಆ ಮನುಷ್ಯನದು ಬೇರೆ ಫೋಟೋವೇ ಇರಲಿಲ್ಲ. ಉಗುರಿನಷ್ಟು ಅಗಲದ ಆ ಮಸುಕು ಮುಖವನ್ನು ನಮ್ಮವರು ದೊಡ್ಡದು ಮಾಡಿ, ಕೂದಲು ಬಾಚಿ, ಕೋಟು ತೊಡಿಸಿ, ಚೌಕಟ್ಟು ಹಾಕಿಸಿ ಕೊಟ್ಟರು. ಅದನ್ನು ಕಟ್ಟಿಕೊಡುವ ಹೊತ್ತಿಗೆ ನಮ್ಮ ಮಗಳು ಪುಟ್ಟಿ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಒಳಗೆ ಬಂದಳು. ಅಳುತ್ತ ನಿಂತ ಗಂಡಸಿಗೆ ಏನು ಹೇಳಬೇಕೋ ತಿಳಿಯದೆ, ನಿಮ್ಮ ಕನ್ನಡಕದ ಕಾಲು ಸಡಿಲವಾಗಿದೆ ಕೊಡಿ ಅಂತ ಇಸಕೊಂಡು ಬಿಗಿ ಮಾಡಿಕೊಟ್ಟಳು. ಆಮೇಲೆ ಅವರು ವಾಪಸು ಹೋಗುವವರೆಗೂ ಆ ಕನ್ನಡಕ ವಾರಕ್ಕೊಮ್ಮೆ ಸಡಿಲವಾಗತೊಡಗಿತು. ನಾನೇನು ಕಣ್ಣು ಮುಚ್ಚಿಕೊಂಡು ಕೂತಿರಲಿಲ್ಲ.

ಮರುವರ್ಷ ರಜೆಗೆ ಬಂದಾಗ ಮದುವೆಯಾಯಿತು. ನೋಂದಣಿ ಕಚೇರಿಯಲ್ಲಿ ಸಹಿ, ಪಕ್ಕದ ಸಭಾಂಗಣದಲ್ಲಿ ಊಟ, ಅಷ್ಟೇ. ಮೊಬೈಲ್ ಹಿಡಿದುಕೊಂಡು ಅಡ್ಡ ಬರುವ ನೆಂಟರನ್ನು ನಮ್ಮವರು ನಯವಾಗಿ ಕೂರಿಸಿಬಿಟ್ಟರು. ಮಗಳ ಮದುವೆಯ ಫೋಟೋ ಬೇರೆಯವರು ತೆಗೆಯುವುದುಂಟೇ? ಎಲ್ಲರನ್ನೂ ಸಾಲಾಗಿ ನಿಲ್ಲಿಸುವಾಗ ಅಳಿಯ ಒಮ್ಮೆ ಹಿಂದೆ ತಿರುಗಿ ನೋಡಿದರು. ಅಪ್ಪ ಇದ್ದಿದ್ದರೆ ಇಲ್ಲಿ ನಿಲ್ಲುತ್ತಿದ್ದರು ಅಂತ ಪಿಸುಗುಟ್ಟಿದ್ದು ಕ್ಯಾಮೆರಾದ ಹಿಂದಿದ್ದ ಇವರ ಕಿವಿಗೂ ಬಿತ್ತು.

ಅಳಿಯ ವಾಪಸು ಹೊರಡುವ ಮುನ್ನ ಆಲ್ಬಮ್ ತಯಾರಾಯಿತು. ಗುಂಪು ಫೋಟೋದಲ್ಲಿ ಅಳಿಯನ ಬೆನ್ನ ಹಿಂದೆ ಬೀಗರು ನಿಂತಿದ್ದರು, ಅದೇ ಕೋಟು, ಮಗನ ಭುಜದ ಮೇಲೆ ಒಂದು ಕೈ. ಬೆರಳಿನ ನೆರಳು ಕೂಡ ಸರಿಯಾಗಿ ಬಿದ್ದಿತ್ತು. ಅಳಿಯ ಅದನ್ನು ನೋಡಿ ನಮ್ಮವರ ಕೈ ಹಿಡಿದುಕೊಂಡರು. ಬೀಗಿತ್ತಿ ಸೆರಗಿನಿಂದ ಫೋಟೋ ಒರೆಸಿ ಒರೆಸಿ ನೋಡಿದರು. ನನಗೂ ಅಳು ಬಂತು. ಅಂಥ ಒಳ್ಳೆಯ ಕೆಲಸವನ್ನು ಇವರು ಇನ್ನೊಂದು ಮಾಡಿಲ್ಲ, ಇದನ್ನು ಈಗಲೂ ಹೇಳುತ್ತೇನೆ.

ಅಳಿಯ ತಮ್ಮ ತಾಯಿಯನ್ನು ಜೊತೆಗೇ ಕರೆದುಕೊಂಡು ಹೋದರು. ಅವರ ಕಾಗದಪತ್ರ ಆಗಲೇ ಮುಗಿದಿತ್ತು. ಹೆಂಡತಿಯ ವೀಸಾಕ್ಕೆ ಅಲ್ಲಿಂದ ಅರ್ಜಿ ಹಾಕಿದರು. ಮದುವೆ ನಿಜವಾದದ್ದು ಅನ್ನುವುದಕ್ಕೆ ಆಧಾರ ಕೊಡಬೇಕಿತ್ತು. ಮದುವೆಯ ಪ್ರಮಾಣಪತ್ರ, ಇಬ್ಬರೂ ಮಾತಾಡಿಕೊಂಡ ಸಂದೇಶಗಳು, ಫೋಟೋಗಳು. ಎಲ್ಲಕ್ಕಿಂತ ಮೇಲೆ ಆ ಗುಂಪು ಫೋಟೋ ಇಟ್ಟದ್ದು ಅಳಿಯನೇ. ಮನೆಯವರೆಲ್ಲ ಒಟ್ಟಿಗಿರುವ ಫೋಟೋ ಅದೊಂದೇ ಅಲ್ಲವೇ, ಎಂದು ನಾವೂ ತಲೆಯಾಡಿಸಿದೆವು. ಇಷ್ಟು ಜನ ಕೂತು ನೋಡಿದರೂ ಒಬ್ಬರ ತಲೆಗೂ ಬೇರೆ ಯೋಚನೆ ಹೊಳೆಯಲಿಲ್ಲ. ಬುದ್ಧಿ ಮಂಕಾದದ್ದಲ್ಲ, ನಮ್ಮ ಕಣ್ಣಿಗೆ ಬೀಗರು ಅಲ್ಲಿ ಇದ್ದೇ ಇದ್ದರು.

ವೀಸಾ ಕಚೇರಿಯ ಸಂದರ್ಶನದ ದಿನ ಮೊಬೈಲ್ ಒಳಗೆ ಬಿಡುವುದಿಲ್ಲವೆಂದು ಪುಟ್ಟಿಯದನ್ನು ನಾನು ಹಿಡಿದುಕೊಂಡು ಎದುರಿನ ಫುಟ್‌ಪಾತಿನಲ್ಲಿ ನಿಂತೆ. ನನ್ನಂಥ ತಾಯಂದಿರು ಬೇಕಾದಷ್ಟಿದ್ದರು. ಒಬ್ಬಾಕೆ ಮಗಳಿಗೆ ಆಗಲೇ ಸ್ವೆಟರ್ ಕೊಂಡಾಗಿದೆ ಅಂದಳು. ನಾವು ಸೂಟ್‌ಕೇಸನ್ನೇ ಕೊಂಡಿದ್ದೆವು. ಪುಟ್ಟಿ ಹೊರಗೆ ಬಂದಾಗ ಅವಳ ನಡಿಗೆ ನೋಡಿಯೇ ಕೆಲಸ ಕೆಟ್ಟಿದೆ ಅಂತ ನನಗೆ ಗೊತ್ತಾಯಿತು. ಬಸ್ಸಿನಲ್ಲಿ ಕೂತ ಮೇಲೆ ಬಾಯಿ ಬಿಟ್ಟಳು.

ಗಾಜಿನ ಆಚೆ ಕೂತಿದ್ದಾಕೆ ಒಳ್ಳೆಯವಳಂತೆ, ನಗುತ್ತಲೇ ಕೇಳಿದಳಂತೆ. ಫೋಟೋದಲ್ಲಿರುವವರು ಯಾರು ಯಾರು ಅಂದಾಗ ಇವಳು ಒಬ್ಬೊಬ್ಬರನ್ನೇ ತೋರಿಸಿದಳು. ಇವರು ಮಾವ ಅಂದಳು. ಆಕೆ ಅರ್ಜಿಯ ಹಾಳೆ ತಿರುವಿ, ಮಾವ ಮದುವೆಗಿಂತ ಮುಂಚೆಯೇ ತೀರಿಕೊಂಡಿದ್ದಾರೆ ಅಂತ ಇದರಲ್ಲಿ ಬರೆದಿದೆಯಲ್ಲ ಅಂದಳು. ಪುಟ್ಟಿಗೆ ಆಗಲೂ ತಪ್ಪು ಕಾಣಲಿಲ್ಲ. ಹೌದು, ನಮ್ಮಪ್ಪ ಸೇರಿಸಿದ್ದು, ಅವರದು ಸ್ಟುಡಿಯೋ ಇದೆ ಅಂತ ಹೆಮ್ಮೆಯಿಂದಲೇ ಹೇಳಿದಳು.

"ಆಗ ಆಕೆ ನಗೋದು ನಿಲ್ಲಿಸಿದಳಮ್ಮ," ಅಂದಳು ಪುಟ್ಟಿ. "ನಿಮ್ಮಪ್ಪ ಇನ್ನೂ ಯಾರ್‌ಯಾರನ್ನ ಸೇರಿಸಿದ್ದಾರೆ ಅಂತ ಕೇಳಿದಳು. ನಿಮ್ಮ ಗಂಡನ್ನೂ ಅವರೇ ಸೇರಿಸಿದ್ರಾ ಅಂದಳು."

ಅಂದು ಮನೆಯಲ್ಲಿ ನಾನು ಯಜಮಾನರ ಜನ್ಮ ಜಾಲಾಡಿಬಿಟ್ಟೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನೆಟ್ಟಗೆ ಕೂತು, ಇದೇನು ದೊಡ್ಡ ವಿಷಯ, ಮೊದಲು ತೆಗೆದ ಫೋಟೋ ಕಳಿಸಿದರಾಯಿತು ಅಂದರು. ಅಂದವರು ಅಲ್ಲೇ ಕಲ್ಲಾದರು. ಮೊದಲು ತೆಗೆದದ್ದು ಎಲ್ಲಿತ್ತು? ಮಗಳ ಮದುವೆಯದಂತೂ ಇನ್ನಷ್ಟು ಮುತುವರ್ಜಿಯಿಂದ ಅಳಿಸಿದ್ದರು. ಉಳಿದದ್ದರಲ್ಲೂ ಮುಟ್ಟದ್ದು ಒಂದೂ ಇರಲಿಲ್ಲ. ಒಂದರಲ್ಲಿ ಅಳಿಯನ ಕಣ್ಣು ಇನ್ನೊಂದರಿಂದ ಬಂದದ್ದು, ಒಂದರಲ್ಲಿ ಪುಟ್ಟಿಯ ನಗು ಅವಳ ಹುಟ್ಟುಹಬ್ಬದ್ದು. ನೆಂಟರ ಮೊಬೈಲುಗಳಲ್ಲಿ ಹುಡುಕಿಸಿದೆವು. ಸಿಕ್ಕಿದ್ದು ಊಟದ ತಟ್ಟೆಗಳು, ಯಾರದೋ ಮಗು, ಅಳಿಯನದೇ ಇರಬಹುದಾದ ಒಂದು ಬೆನ್ನು.

ತಿರಸ್ಕಾರದ ಪತ್ರ ಬಂತು. ಮದುವೆ ನೋಂದಣಿಯಾಗಿರುವುದು ನಿಜ, ಆದರೆ ನಿಜವಾದ ದಾಂಪತ್ಯ ಅನ್ನುವುದಕ್ಕೆ ಕೊಟ್ಟ ಆಧಾರ ತಿದ್ದಿದ್ದು ಅಂತ ಅದರ ಸಾರಾಂಶ. ನಮ್ಮವರು ಆ ಕಚೇರಿಗೆ ತಾವೇ ಹೋದರು. ಕಂಪ್ಯೂಟರಿನ ಡಬ್ಬಿಯನ್ನೇ ಬಗಲಲ್ಲಿಟ್ಟುಕೊಂಡು, ಹೇಗೆ ಸೇರಿಸಿದೆ ಅಂತ ಅವರ ಕಣ್ಣೆದುರೇ ಮಾಡಿ ತೋರಿಸುತ್ತೇನೆ ಅಂತ ಹೊರಟರು. ಕಾವಲಿನವನು ಗೇಟಿನಿಂದಲೇ ತಿರುಗಿಸಿ ಕಳಿಸಿದ. ಬಿಸಿಲಲ್ಲಿ ಡಬ್ಬಿ ಹೊತ್ತು ಮನೆಗೆ ಬಂದ ಗಂಡನನ್ನು ನೋಡಿ ಬೈಯುವುದು ಬಿಟ್ಟು ಡಬ್ಬಿ ಇಳಿಸಿಕೊಂಡೆ.

ವಕೀಲರ ಹತ್ತಿರ ಹೋದೆವು. ಮೋಸದ ಆಧಾರ ಕೊಟ್ಟವರು ಅಂತ ಒಮ್ಮೆ ದಾಖಲಾದರೆ ಅದು ಅಷ್ಟು ಸುಲಭದಲ್ಲಿ ಅಳಿಸುವುದಿಲ್ಲ, ಮೇಲ್ಮನವಿ ಹಾಕೋಣ, ಆಸೆ ಇಟ್ಟುಕೊಳ್ಳಬೇಡಿ ಅಂದರು. ಮೇಲ್ಮನವಿಯೂ ವಜಾ ಆಯಿತು. ಇನ್ನುಳಿದ ದಾರಿ ಅಳಿಯ ಕೆಲಸ ಬಿಟ್ಟು ಬರುವುದು. ಅದನ್ನು ನಾನು ಬಾಯಿಬಿಟ್ಟು ಕೇಳಿಯೂ ಕೇಳಿದೆ. ಅಷ್ಟರಲ್ಲಿ ಬೀಗಿತ್ತಿಗೆ ಮೂತ್ರಪಿಂಡದ ಚಿಕಿತ್ಸೆ ಶುರುವಾಗಿತ್ತು. ಅಲ್ಲಿಯ ಸರ್ಕಾರವೇ ಅದರ ಖರ್ಚು ನೋಡಿಕೊಳ್ಳುತ್ತಿತ್ತು. ಇಲ್ಲಿಗೆ ಕರೆತಂದರೆ ಆ ಹೆಂಗಸು ಉಳಿಯುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು. ಮತ್ತೆ ಕೇಳಲಿಲ್ಲ.

ನಮ್ಮವರು ತಿದ್ದುವುದನ್ನು ಬಿಟ್ಟರು. ಬಂದವರನ್ನು ಇದ್ದ ಹಾಗೇ ತೆಗೆದು ಕೊಡುತ್ತಿದ್ದರು, ಮೊಡವೆ ಮೊಡವೆಯಾಗಿಯೇ, ಸೊಟ್ಟ ಕಾಲರ್ ಸೊಟ್ಟಗೇ. ಗಿರಾಕಿಗಳು ಮೂಗು ಮುರಿದು ಬೇರೆ ಅಂಗಡಿ ಹಿಡಿದರು. ಮನೆಯಲ್ಲಿ ಮಗಳ ಮುಖ ನೋಡಿ ಮಾತಾಡುವುದನ್ನೂ ಬಿಟ್ಟರು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಇರುತ್ತಿತ್ತು. ಪುಟ್ಟಿಯೇ ಅವರ ತಟ್ಟೆಗೆ ಬಡಿಸಿ, ಅಪ್ಪ ಉಣ್ಣು ಅನ್ನಬೇಕಾಗಿತ್ತು. 

ಪುಟ್ಟಿ ಮಾತ್ರ ಎಂದಿನಂತೆ ಕನ್ನಡಕದ ಅಂಗಡಿಗೆ ಹೋಗಿಬರುತ್ತಿದ್ದಳು. ಗಂಡನ ಜೊತೆ ಮಾತು ದಿನಾ ನಡೆಯುತ್ತಿತ್ತು. ಆಮೇಲೆ ದಿನ ಬಿಟ್ಟು ದಿನ. ಕೆಟ್ಟುನಿಂತ ಲಿಫ್ಟಿನ ಸುದ್ದಿ ಅವರು ಹೇಳುವುದು, ಗಿರಾಕಿಗಳ ಸುದ್ದಿ ಇವಳು ಹೇಳುವುದು, ಆಮೇಲೆ ಇನ್ನೇನು, ಮತ್ತೇನು ಅಂತ ಇಬ್ಬರೂ ಕೇಳಿಕೊಳ್ಳುವುದು. ಒಂದು ದಿನ ಬಟ್ಟೆ ಮಡಚುತ್ತ ನನ್ನ ಹತ್ತಿರ ಹೇಳಿದಳು, "ಅಮ್ಮ, ಆ ಕಚೇರಿಯವರು ಕೇಳಿ ಕೇಳಿ ನನಗೇ ಅನುಮಾನ ಬಂದುಬಿಟ್ಟಿದೆ. ಮದುವೆ ದಿನ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಬರೀ ಅಪ್ಪನ ಫೋಟೋಗಳೇ ಬರ್ತವೆ. ಬೇರೆ ಏನೂ ಬರಲ್ಲ."

ನಾನು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ನಾನೇ ಮಡಚಿದೆ. 

ಹೋದ ಭಾನುವಾರ ಅಳಿಯನ ಕರೆ ಅವಳ ಮೊಬೈಲಿಗಲ್ಲ, ನನ್ನದಕ್ಕೆ ಬಂತು. ಆಗಲೇ ನನಗೆ ಅರ್ಧ ತಿಳಿಯಿತು. ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಬೀಗಿತ್ತಿಯ ಆರೋಗ್ಯದ ಬಗ್ಗೆ ಸುತ್ತಿ ಬಳಸಿ ಮಾತಾಡಿದರು. ಆಮೇಲೆ ದನಿ ತಗ್ಗಿಸಿದರು.

"ಅತ್ತೆ, ಅವಳನ್ನ ಹೀಗೆ ಕಾಯಿಸೋದು ತಪ್ಪು ಅನ್ನಿಸ್ತಿದೆ. ನನ್ನ ಕೈಲೂ ಇನ್ನು ಆಗ್ತಿಲ್ಲ. ಇಲ್ಲಿಗೆ ಮುಗಿಸಿಬಿಡೋಣ ಅಂತ ನೀವೇ ಹೇಗಾದ್ರೂ ಹೇಳಿ."

ನನ್ನ ಕೋಪ ಎಲ್ಲಿತ್ತೋ, ಭುಗ್ಗೆಂದಿತು. "ಮದುವೆ ಆಗ್ತೀನಿ ಅಂತ ನನ್ನ ಕೈಲಿ ಹೇಳಿಸಿದ್ರಾ? ಆಗ ನೀವೇ ಹೇಳಿದ್ರಿ. ಇದನ್ನೂ ನೀವೇ ಹೇಳಿ," ಅಂದೆ. ಆಚೆಯಿಂದ ಅಳುವ ಸದ್ದು ಬಂತು. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಬೈದು ನೆಮ್ಮದಿಯಾಗಿರುತ್ತಿದ್ದೆ.

ಪುಟ್ಟಿಯನ್ನು ಕರೆದು ಮೊಬೈಲ್ ಅವಳ ಕೈಗಿಟ್ಟೆ. ಅವಳು ಒಲೆಯ ಪಕ್ಕದ ಗೋಡೆಗೆ ಒರಗಿ ಕೇಳಿಸಿಕೊಂಡಳು. ಹೂಂ ಅಂದಳು. ಇನ್ನೊಮ್ಮೆ ಹೂಂ ಅಂದಳು. ಜಗಳವಾಡಲಿಲ್ಲ, ಅಳಲಿಲ್ಲ. "ಊಟ ಆಯ್ತಾ?" ಅಂತ ಕೇಳಿದಳು. ಅವರು ಏನಂದರೋ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಅತ್ತೇನ ನೋಡ್ಕೊಳ್ಳಿ ಅಂದು ಇಟ್ಟಳು. ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು.

ಬಾಗಿಲು ತೆರೆದರೆ ನಮ್ಮವರು ಹೊರಗೇ ನಿಂತಿದ್ದರು. ಕರೆ ಯಾರದೆಂದು ಗೊತ್ತಾಗಿತ್ತು, ಮಾತು ಕೇಳಿಸಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಮಗಳ ಮುಖವನ್ನೇ ನೋಡಿ ಕೇಳಿದರು, "ಏನಂತಮ್ಮ?"

ಪುಟ್ಟಿ ಒದ್ದೆ ಮುಖ ಒರೆಸಿಕೊಂಡಳು. ಒಂದು ಗಳಿಗೆ ನನ್ನ ಕಡೆ ನೋಡಿದಳು.

"ಮತ್ತೆ ಅರ್ಜಿ ಹಾಕೋಣ ಅಂದ್ರಪ್ಪ. ಬೇರೆ ವಕೀಲರು ಸಿಕ್ಕಿದ್ದಾರಂತೆ. ಫೋಟೋದ್ದು ಅಂಥ ದೊಡ್ಡ ತಪ್ಪೇನಲ್ಲ ಅಂದ್ರಂತೆ ಅವರು."

ನಮ್ಮವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. "ನೋಡಿದ್ಯಾ, ನಾನು ಅವತ್ತೇ ಹೇಳಿದ್ದೆ," ಅಂದರು ನನಗೆ. ಅಳಿಯ ಈ ಸಲ ಬಂದಾಗ ಮನೆಯಲ್ಲೇ, ಬಾಗಿಲಲ್ಲಿ, ಇಬ್ಬರನ್ನೂ ನಿಲ್ಲಿಸಿ ತೆಗೆಯುತ್ತೇನೆ, ಒಂದು ಕೂದಲನ್ನೂ ಮುಟ್ಟುವುದಿಲ್ಲ ಅಂದರು. ಬೆಳಕು ಯಾವ ಕಡೆಯಿಂದ ಬೀಳುತ್ತದೆ ಅಂತ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದರು.

ಪುಟ್ಟಿ ಅವರಿಗೆ ತಟ್ಟೆ ಹಾಕಿದಳು. ಅವತ್ತು ಅವರು ಕೇಳಿ ಹಾಕಿಸಿಕೊಂಡು ಉಂಡರು. ಅಳಿಯನಿಗೆ ರಜೆ ಯಾವಾಗ ಸಿಗುತ್ತದಂತೆ ಅಂತ ನಡುವೆ ಕೇಳಿದರು. ಪುಟ್ಟಿ ಸಾರಿನ ಪಾತ್ರೆಯಲ್ಲಿ ಸೌಟು ತಿರುವತೊಡಗಿದಳು.

"ಬೇಸಿಗೆಗೆ," ಅಂದೆ ನಾನು.