ಎಡಕ್ಕೆ ತಿರುಗುವ ಕೈ

೨೦೧೧ರ ದಸರೆಯ ಮಧ್ಯಾಹ್ನ. ಜಹೀರಾಬಾದಿನ ನಮ್ಮ ಅಂಗಳದಲ್ಲಿ ಹಳೆಯ ಪೆಟ್ರೋಲ್ ಅಂಬಾಸಿಡರ್ ಕೆಮ್ಮುತ್ತ ನಡುಗುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ ಸುಗಲಾಬಾಯಿ, ಬನ್ನಿ ಎಲೆಗಳ ಗಂಟು ಹಿಡಿದು ಆಗಲೇ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಕತ್ತಲಾಗುವುದರೊಳಗೆ ತಾಂಡೂರು ಮುಟ್ಟಿ ತನ್ನ ತಂಗಿ ರುಕ್ಮಿಣಿಬಾಯಿಗೆ ಬನ್ನಿ ಕೊಡಬೇಕಿತ್ತು.

ಅಕ್ಕತಂಗಿ ಮಾತು ಬಿಟ್ಟು ಹನ್ನೊಂದು ವರ್ಷ. ಮದುವೆಯೊಂದರಲ್ಲಿ ಮೊದಲ ಆರತಿ ಯಾರು ಹಿಡಿಯಬೇಕೆಂಬ ಜಗಳ. ಬನ್ನಿ ಕೊಟ್ಟು ಕಾಲು ಮುಟ್ಟಬೇಕಾದವರು ಚಿಕ್ಕವರು. ಆ ಪದ್ಧತಿ ಹಿಡಿದು ಆಯಿ ಪ್ರತಿ ದಸರೆಗೂ ಬಾಗಿಲು ನೋಡುತ್ತಿದ್ದಳು. ಈ ಸಲ ತಾನೇ ಬರುತ್ತೇನೆಂದು ಹೇಳಿಕಳಿಸಿದ್ದಳು. ಈಗ ಹೋಗದಿದ್ದರೆ ಆ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ.

“ಫೋನ್ ಮಾಡಿ ಹೇಳಿದ್ರ ಆಗಲ್ಲೇನು?” ಎಂದೆ.

“ಬನ್ನಿ ಫೋನಿನ್ಯಾಗ ಕೊಡಾಕ ಬರ್ತದೇನ?”

ತೆಲಂಗಾಣಕ್ಕಾಗಿ ಮುಷ್ಕರ ನಡೆದಿತ್ತು. ಬಸ್ಸುಗಳು ಡಿಪೋದಲ್ಲೇ ನಿಂತು ಹದಿನೈದು ದಿನ ದಾಟಿತ್ತು. ಗ್ಯಾರೇಜಿನ ಮರೆಪ್ಪ ಹಬ್ಬಕ್ಕೆ ಊರಿಗೆ ಹೋಗಿದ್ದ. ಅಪ್ಪ ನಾರಾಯಣಖೇಡದಲ್ಲಿ, ತನ್ನ ಕಚೇರಿಯ ಎದುರಿನ ಮುಷ್ಕರದ ಟೆಂಟಿನಲ್ಲಿದ್ದ. ಅವನಿಗೆ ಫೋನು ಹಚ್ಚಿದೆ.

“ಸರಿತಾ, ನಿನ್ನಿ ಗಾಡಿಗಿ ಖಂಡೆ ಪೂಜಿ ಮಾಡುವಾಗ ಏನರ ಬಿಚ್ಚಿದ್ದೇನು?”

“ಪ್ಲಗ್ಗಿನ ವೈರ್ ತೆಗೆದು ಒರೆಸಿ ವಿಭೂತಿ ಹಚ್ಚೀನಿ, ಅಷ್ಟೇ.”

“ದೇವ್ರು ಒಲಿದ್ನೋ ಇಲ್ಲೋ, ಇಂಜಿನ್ ಮುನಿದದ. ಒಣ ಅರಿವಿ ಹಿಡಿದು ಒಂದೊಂದೇ ವೈರ್ ಕೀಳು. ಯಾವುದು ಕಿತ್ತರೂ ಸಪ್ಪಳ ಬದಲಾಗಲ್ಲೋ, ಆ ಸಿಲಿಂಡರ್ ಮೊದಲೇ ಸತ್ತದ.”

ಒಂದನೆಯದನ್ನು ಕಿತ್ತೆ, ಇಂಜಿನ್ ಕುಸಿಯಿತು. ನಾಲ್ಕನೆಯದಕ್ಕೂ ಹಾಗೆಯೇ. ಎರಡನ್ನು, ಮೂರನ್ನು ಕಿತ್ತರೆ ಏನೂ ಆಗಲಿಲ್ಲ. ಅಪ್ಪನಿಗೆ ಹೇಳಿದೆ.

“ಕಿಡಿ ಹೋಗೋ ಸರದಿಗಿ ವೈರ್ ಒಂದು, ಮೂರು, ನಾಲ್ಕು, ಎರಡು ಹಂಗೇ ಅವ ಏನು?”

“ಹಂಗೇ ಇಟ್ಟೀನಪ್ಪ.”

“ಹಂಗಾದ್ರ ರೋಟರ್...” ಟೆಂಟಿನಲ್ಲಿ ಬಾರಿಸುತ್ತಿದ್ದ ಡಪ್ಪಿನ ಸದ್ದು ಮಾತು ನುಂಗಿತು. ಲೈನು ಕಟ್ಟಾಯಿತು, ಮತ್ತೆ ಹತ್ತಲಿಲ್ಲ.

ಆಯಿಯ ಒಂದು ಕಥೆಯಲ್ಲಿ ನಾಲ್ಕು ಮಕ್ಕಳು, ಒಂದೇ ತಾಟು. ತಾಯಿ ಕತ್ತಲಲ್ಲಿ ಸುತ್ತುತ್ತ ತುತ್ತು ಕೊಡುತ್ತಾಳೆ. ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತಿರುಗುತ್ತ ನಾಲ್ಕು ವೈರುಗಳಿಗೆ ಕಿಡಿ ಹಂಚುವ ರೋಟರ್ ನನಗೆ ಚಿಕ್ಕಂದಿನಿಂದಲೂ ಆ ತಾಯಿಯ ಕೈ. ಕಿಡಿಯೇ ತುತ್ತು. ಹಸಿದ ಹೊತ್ತಿಗೆ, ಹಸಿದ ಬಾಯಿಗೇ ಬೀಳಬೇಕು.

ಕೈಯೇ ತಪ್ಪಿದೆ ಅನ್ನಿಸಿತು. ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ತಿರುಗಿಸಲು ಪಾನಾ ಎತ್ತಿದೆ. ಆದರೆ ಅಂದಾಜಿನಲ್ಲಿ ತಿರುಗಿಸಿ ಕೆಡಿಸಿದರೆ ಇಂದು ಸರಿಮಾಡುವವರಿಲ್ಲ. ಪಾನಾ ಕೆಳಗಿಟ್ಟೆ.

ಗಾಡಿ ಆರಿಸಿ, ಕೀಲಿ ತೆಗೆದೆ. ಬಿಸಿ ತಣಿದ ಮೇಲೆ ಒಂದನೆಯ ಪ್ಲಗ್ ಬಿಚ್ಚಿ, ಆಯಿಯನ್ನು ಸೀಟಿನಿಂದ ಇಳಿಸಿ ಕರೆತಂದೆ.

“ಆಯಿ, ಈ ತೂತಿನ ಮ್ಯಾಲ ಹೆಬ್ಬೆರಳು ಇಡು. ಗಾಳಿ ತಳ್ಳಿದ್ರ ಹೇಳು.”

“ನನ್ನ ಬೆರಳು ನುಂಗಿದ್ರ?”

“ನಿನ್ನ ರುಚಿಗಿ ತಾನೇ ಉಗುಳ್ತದ.”

ಮುಂದೆ ಹೋಗಿ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿದೆ. “ಯವ್ವಾ, ತಳ್ಳಿತು!” ಎಂದಳು. ಮುಚ್ಚಳ ಎತ್ತಿ ನೋಡಿದರೆ ರೋಟರ್ ಒಂದನೆಯ ವೈರಿನ ಕಡೆಗೇ ಮುಖ ಮಾಡಿತ್ತು. ಕೈ ತಪ್ಪಿರಲಿಲ್ಲ. ಏನೂ ತೋಚದೆ ಮತ್ತೆ ಹ್ಯಾಂಡಲ್ ತಿರುಗಿಸಿದೆ. ಆಯಿ ಬಗ್ಗಿ ರೋಟರನ್ನೇ ನೋಡುತ್ತಿದ್ದಳು.

“ಪೋರಿ, ಇದು ಎಡಕ್ಕ ಹೊಂಟದಲ್ಲ!”

ನನ್ನ ಕೈ ನಿಂತಿತು. ಆರತಿ, ಪ್ರದಕ್ಷಿಣೆ, ಒಳ್ಳೆಯದೆಲ್ಲ ಬಲಕ್ಕೆ ಎಂದು ಕಲಿಸಿದವಳು ಅವಳೇ. ಪೂಜೆಯ ದಿನ ವೈರುಗಳನ್ನೂ ನಾನು ಬಲಸುತ್ತಾಗಿಯೇ ಸಿಕ್ಕಿಸಿದ್ದೆ. ರೋಟರಿನ ಕೈ ಮಾತ್ರ ಎಡಸುತ್ತು. ಮೂರರ ತುತ್ತು ಎರಡಕ್ಕೆ, ಎರಡರದು ಮೂರಕ್ಕೆ.

“ನೀ ಹೇಳಿದಂಗೇ ಬಲಕ್ಕ ಇಟ್ಟಿದ್ದೆ, ಆಯಿ.”

“ಶಿವನ ಗುಡ್ಯಾಗ ಅಭಿಷೇಕದ ನೀರು ಹರಿಯೋ ಕಾಲುವಿ ದಾಟ್ತೇವೇನು? ಅಲ್ಲಿತನಕ ಹೋಗಿ ಎಡಕ್ಕ ತಿರುಗಿ ಬರಬೇಕಂತನೂ ಹೇಳಿದ್ದೆ. ಆಗ ನೀ ನಿದ್ದಿ ಹೋಗಿದ್ದಿ.” ಸೊಂಟಕ್ಕೆ ಸಿಕ್ಕಿಸಿದ್ದ ಬನ್ನಿಯ ಗಂಟನ್ನು ಮುಟ್ಟಿ ನೋಡಿಕೊಂಡಳು. “ನಾನೂ ಮರ್ತಿದ್ದೆ, ಬಿಡು.”

ಪ್ಲಗ್ ಬಿಗಿದು, ಮುಚ್ಚಳ ಹಾಕಿ, ಎರಡು ಮೂರರ ವೈರುಗಳನ್ನು ಅದಲುಬದಲು ಮಾಡಿದೆ. ಇಂಜಿನ್ ಒಂದೇ ಉಸಿರಿಗೆ ಎದ್ದಿತು.

ತಾಂಡೂರಿನಲ್ಲಿ ಪೇರಿಸಿಟ್ಟ ಕಲ್ಲುಚಪ್ಪಡಿಗಳ ಮೇಲೆ ಇನ್ನೂ ಬಿಸಿಲಿತ್ತು. ರುಕ್ಮಿಣಿಬಾಯಿ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಆಯಿ ಬನ್ನಿ ಚಾಚಿದಳು. ತಂಗಿ ಮುಷ್ಟಿ ಬಿಚ್ಚಿದಳು. ಅಲ್ಲಿಯೂ ಬನ್ನಿ, ಬೆಳಗಿನಿಂದ ಹಿಡಿದು ಬಾಡಿದ್ದು.

“ನಾನೇ ಬರಾಕ ನಿಂತಿದ್ದೆ ಅಕ್ಕಾ. ಬಸ್ ಇಲ್ಲ.”

“ಹನ್ನೊಂದು ವರ್ಷ ಬಸ್ ಇದ್ದವಲ್ಲೇ!”

“ನಿನಗೂ ಇದ್ದವು,” ಎಂದು ತಂಗಿ ಬಾಗಿ ಕಾಲು ಮುಟ್ಟಿದಳು.

ಅವಳ ತಲೆಯ ಮೇಲೆ ಕೈಯಿಟ್ಟ ಆಯಿಯ ಹೆಬ್ಬೆರಳು ಬಿಳಿ ಕೂದಲಿನಲ್ಲಿ ಕರಿ ಮಸಿಯ ಗುರುತು ಬಿಟ್ಟಿತು. ಆಯಿ ಅದನ್ನು ನೋಡಿದಳು, ಆದರೆ ಒರೆಸಲಿಲ್ಲ.