ಹದಿಮೂರು ಹಾಡಲ್ಲಿ ಒಂಬತ್ತು ದಂಡ

"ಹದಿಮೂರು ಹಾಡಲ್ಲಿ ಒಂಬತ್ತು ದಂಡ," ಎಂದೆ, ಒಂದು ಇಯರ್‌ಫೋನನ್ನು ಅಕ್ಕನ ಕಿವಿಗೆ ಸಿಕ್ಕಿಸುತ್ತ. ಇನ್ನೊಂದು ನನ್ನ ಕಿವಿಯಲ್ಲಿತ್ತು. "ಈ ಹಾಡುಗಾರ್ತಿ ಮೊದಲನೇ ಆಲ್ಬಮ್ಮಲ್ಲಿ ಹೊಟ್ಟೆಗಿಲ್ಲದೆ ಹಾಡಿದ್ಲು, ಅದಕ್ಕೇ ಚೆನ್ನಾಗಿತ್ತು. ಇದು ಮೂರನೇದು. ಮನೆ ಆಯ್ತು, ಕಾರಾಯ್ತು, ಪಾಪ, ಅಳೋಕೆ ವಿಷಯಾನೇ ಸಿಕ್ತಿಲ್ಲ ಅವಳಿಗೆ."

ಅಕ್ಕ ನಕ್ಕಳು. ನಗುವಾಗ ಎಡಗೈ ಅಲುಗಿಸುವಂತಿಲ್ಲ, ಅದರಲ್ಲಿ ಎರಡು ಸೂಜಿ ಚುಚ್ಚಿರುತ್ತಾರೆ. ಒಂದರಿಂದ ರಕ್ತ ಹೊರಗೆ ಹೋಗಿ, ಡಯಾಲಿಸಿಸ್ ಯಂತ್ರದಲ್ಲಿ ಸೋಸಿಕೊಂಡು, ಇನ್ನೊಂದರಿಂದ ಒಳಗೆ ಬರುತ್ತದೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ಆಸ್ಪತ್ರೆಯ ಆ ಉದ್ದ ಕೋಣೆಯಲ್ಲಿ ಎಂಟು ಮಂಚ. ಎಂಟೂ ಮಂಚದವರು ಸೂರು ನೋಡುತ್ತ ಮಲಗಿರುತ್ತಾರೆ.

ನಾನು ಬಟ್ಟೆಯಂಗಡಿಯ ಹಿಂದಿನ ಕೋಣೆಯಲ್ಲಿ ಆಲ್ಟರೇಶನ್ ಮಾಡುವವಳು. ಬೆಳಿಗ್ಗೆ ಏಳರಿಂದ ಕಂಡವರ ಪ್ಯಾಂಟಿನ ಕಾಲು ಕತ್ತರಿಸಿ, ಮಡಚಿ, ಹೊಲಿದು, ಮಧ್ಯಾಹ್ನ ಇಲ್ಲಿಗೆ ಬರುವಷ್ಟರಲ್ಲಿ ಈ ಸೊಂಟ ನನ್ನದೇ ಹೌದೋ ಅಲ್ಲವೋ ಅನ್ನಿಸುತ್ತದೆ. ಹೊಲಿಯುವಾಗ ಕಿವಿಗೆ ಕೆಲಸವಿಲ್ಲವಲ್ಲ, ಬಂದ ಆಲ್ಬಮ್ಮೆಲ್ಲ ಕೇಳುತ್ತೇನೆ. ನನಗೆ ಸಂಗೀತ ಬರುವುದಿಲ್ಲ, ಅಭಿಪ್ರಾಯ ಬರುತ್ತದೆ. ಅಕ್ಕನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದನ್ನೇ ಸುರಿಯುತ್ತೇನೆ.

ಸುರಿಯಲೇಬೇಕು. ಸುಮ್ಮನಾದರೆ ಇನ್ನೊಂದು ಮಾತು ಬಂದುಬಿಡುತ್ತದೆ. ಅಕ್ಕನಿಗೆ ಕಿಡ್ನಿ ಕೊಡಲು ಭಾವನ ರಕ್ತ ಹೊಂದಲಿಲ್ಲ. ನನ್ನದು ಹೊಂದಿತು. ಮುಂದಿನ ಪರೀಕ್ಷೆಗಳಿಗೆ ನಾನು ಹ್ಞೂಂ ಅನ್ನಬೇಕು. ನಾಲ್ಕು ತಿಂಗಳಾಯಿತು, ಹ್ಞೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ನನಗೆ ಭಯ. ಕೊಯ್ಯಿಸಿಕೊಳ್ಳುವುದಕ್ಕೆ ಭಯ, ಆಮೇಲೆ ಒಂದರಲ್ಲೇ ಬದುಕುವುದಕ್ಕೆ ಭಯ. ಅಕ್ಕ ಒಂದು ದಿನವೂ ಬಾಯಿಬಿಟ್ಟು ಕೇಳಿಲ್ಲ. ಭಾವ ಮಾತ್ರ ನಾನು ಮನೆಗೆ ಹೋದಾಗಲೆಲ್ಲ ಒಂದು ಸೇಬು ಹೆಚ್ಚಿ ಕೊಟ್ಟು, "ಚೆನ್ನಾಗಿ ತಿನ್ನಮ್ಮಾ, ಆರೋಗ್ಯ ನೋಡ್ಕೋ," ಅನ್ನುತ್ತಾರೆ. ಆ ಸೇಬು ಗಂಟಲಲ್ಲಿ ಇಳಿಯುವುದೇ ಇಲ್ಲ.

"ಆ ಐದು ಹುಡುಗರ ಬ್ಯಾಂಡ್?" ಅಕ್ಕ ಕೇಳಿದಳು.

"ಹಾಡೋನು ಒಬ್ನೇ. ಉಳಿದ ನಾಲ್ವರು ತಮ್ಮ ಕೂದಲು ನೋಡ್ಕೊಂಡಿರ್ತಾರೆ."

"ಧಾರಾವಾಹಿ ನೋಡಿದ್ಯಾ?"

"ಬಿಟ್ಬಿಟ್ಟೆ. ಸತ್ತೋನು ಮೂರನೇ ಸಲ ಎದ್ದು ಬಂದ. ಸಾಯೋಕೂ ಒಂದು ಮರ್ಯಾದೆ ಬೇಡ್ವಾ?"

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ಬಲಗೈಯಿಂದ ಇಯರ್‌ಫೋನ್ ತೆಗೆದು ಹೊದಿಕೆಯ ಮೇಲಿಟ್ಟಳು.

"ಒಂದು ಹಾಡು ಪೂರ್ತಿ ಮುಗಿಯೋಕ್ಮುಂಚೆ ತೀರ್ಪು ಕೊಡೋಳು ನೀನು."

"ಮತ್ತೆ? ಸಪ್ಪೆ ಅಂತ ತಿಳಿಯೋಕೆ ಪಾತ್ರೆ ಪೂರ್ತಿ ಖಾಲಿ ಮಾಡ್ಬೇಕಾ?"

"ಚಿಕ್ಕವಳಿದ್ದಾಗಿಂದ ಎಲ್ಲದರ ಬಗ್ಗೆನೂ ನಿಂಗೊಂದು ಅಭಿಪ್ರಾಯ. ನಾಲ್ಕು ತಿಂಗಳಿಂದ ಇದೊಂದರ ಬಗ್ಗೆ ಮಾತ್ರ ಇಲ್ಲ. ನಂಗೆ ಗೊತ್ತಾಗಲ್ವೇನೇ?"

ನನ್ನ ಕಿವಿಯಲ್ಲಿ ಹಾಡು ಇನ್ನೂ ಬಡಿದುಕೊಳ್ಳುತ್ತಿತ್ತು. ಅದನ್ನು ನಿಲ್ಲಿಸುವುದೂ ತೋಚಲಿಲ್ಲ.

"ಅಕ್ಕಾ, ನಾನು..."

"ಏನೂ ಹೇಳ್ಬೇಡ. ಮೊನ್ನೆ ಡಾಕ್ಟರ್ ಹತ್ರ ಮಾತಾಡ್ದೆ. ಕೊಡೋರಿಗೆ ಮನಸ್ಸಿಲ್ಲ ಅಂದ್ರೆ ಮನೆಯವರಿಗೆ ಕಾರಣ ಬಿಡಿಸಿ ಹೇಳಲ್ವಂತೆ. 'ಇವರು ಕೊಡೋ ಹಾಗಿಲ್ಲ' ಅಂತಾರೆ, ಅಷ್ಟೇ. ನಿನ್ನ ವಿಷಯದಲ್ಲೂ ಹಾಗೇ ಹೇಳ್ಬಿಡಿ ಅಂದೆ. ನಾಳೆ ನಿಮ್ಮ ಭಾವನಿಗೆ ಹೇಳ್ತಾರೆ. ನಿನ್ನ ಮೇಲೆ ಯಾರೂ ಬೆರಳು ತೋರ್ಸಲ್ಲ."

"ನೀನು?"

"ಸತ್ತೋರ ಕಿಡ್ನಿಗೆ ಕಾಯೋರ ಪಟ್ಟೀಲಿ ಹೆಸರು ಬರೆಸಿದ್ದೀನಿ. ಒಂದೈದಾರು ವರ್ಷ ಆಗುತ್ತಂತೆ."

ನನಗೆ ಮೊದಲು ಆದದ್ದು ನಿರಾಳ. ಯಾಕೆ ಸುಳ್ಳು ಹೇಳಲಿ? ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಇಳಿಸಿದ ಹಾಗಾಯಿತು. ಉಸಿರು ಬಿಟ್ಟದ್ದು ನನಗೇ ಕೇಳಿಸಿತು, ಅಕ್ಕನಿಗೂ ಕೇಳಿಸಿತು. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಗೋಡೆಯ ಕಡೆ ತಿರುಗಿದಳು. ಆಗ ತಿಳಿಯಿತು. 'ಬೇಡಕ್ಕಾ, ಡಾಕ್ಟರ್ ಕೈಲಿ ಹಾಗೆಲ್ಲ ಹೇಳಿಸ್ಬೇಡ, ನಾನು ಕೊಡ್ತೀನಿ' ಎಂದು ನಾನು ಅಂದೇನು ಅಂತ ಅವಳು ಇಷ್ಟು ಹೊತ್ತು ಕಾದಿದ್ದಳು. ಈಗಲೂ ಅನ್ನಬಹುದಿತ್ತು. ಬಾಯಿ ಬರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಬಾಯಿ ಬರಲಿಲ್ಲ.

"ಇನ್ಮೇಲೆ ಮೂರೂ ದಿನ ಬರ್ಬೇಕು ಅಂತೇನಿಲ್ಲ ಕಣೇ," ಎಂದಳು ಗೋಡೆಗೆ. "ನಿಂಗೂ ಸುಸ್ತು."

"ಬರ್ತೀನಿ."

"ಬಾ. ಆದ್ರೆ ಇವತ್ತು ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ."

ಸುಮ್ಮನೆ ಕೂತೆ. ಅವಳ ರಕ್ತ ಪೂರ್ತಿ ಸೋಸುವುದಕ್ಕೆ ಇನ್ನೂ ಎರಡು ಗಂಟೆ ಬಾಕಿಯಿತ್ತು.